ಊರ ತುಂಬ ಕಬ್ಬು, ಗೇಟಿನೊಳಗೆ ಬರ: ಮಂಡ್ಯದ ಮೈಷುಗರ್ ಪ್ರಕರಣ

ಮಂಡ್ಯದ ಸರ್ಕಾರಿ ಸಕ್ಕರೆ ಕಾರ್ಖಾನೆ ಮೈಷುಗರ್ ಯಾಕೆ ಸೊರಗಿತು ಅಂತ ಕೇಳಿದರೆ ಊರಲ್ಲಿ ಮೂರು ಉತ್ತರ ಸಿಗುತ್ತವೆ. ಮೆಷಿನ್ ಹಳೇದು. ರಾಜಕೀಯ ಜಾಸ್ತಿ. ಕಾವೇರಿ ನೀರು ಕಡಿಮೆ. ಮೂರೂ ಸುಳ್ಳಲ್ಲ. ಆದರೆ ಕಬ್ಬು ಅರೆಯುವ ಹಂಗಾಮಿನಲ್ಲಿ ಒಂದು ಸಲ ಮಂಡ್ಯದ ರಸ್ತೆ ಬದಿ ನಿಂತು ನೋಡಿ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್‌ಗಳು ಒಂದರ ಹಿಂದೆ ಒಂದು ಹೋಗುತ್ತಿರುತ್ತವೆ. ಕೆಲವು ಮೈಷುಗರ್ ಕಡೆ ತಿರುಗುತ್ತವೆ. ಉಳಿದವು ಕೆ.ಎಂ. ದೊಡ್ಡಿ, ಕೊಪ್ಪ, ಪಾಂಡವಪುರದ ಬೇರೆ ಕಾರ್ಖಾನೆಗಳಿಗೆ, ಇಲ್ಲವೇ ಹತ್ತಿರದ ಯಾವುದೋ ಆಲೆಮನೆಗೆ. ಕಬ್ಬಿನ ನಡುವೆಯೇ ಕೂತ ಕಾರ್ಖಾನೆಗೆ ಕಬ್ಬು ಸಾಲುವುದಿಲ್ಲ. ಈ ಪ್ರಕರಣದಲ್ಲಿ ಬಿಡಿಸಬೇಕಾದ ಗಂಟು ಇದೇ.

ನಾನು ಮೈಸೂರಿನವನು. ನಮ್ಮೂರಲ್ಲೂ ಕಾರ್ಖಾನೆಗಳು ಸತ್ತಿವೆ. ಬೆಂಗಳೂರು ರಸ್ತೆಯ ಕೆ.ಆರ್. ಮಿಲ್ 1980ರ ದಶಕದಲ್ಲೇ ನಿಂತಿತು. ಯಾದವಗಿರಿಯ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಆಮೇಲೆ ಫಾಲ್ಕನ್ ಟೈರ್ಸ್ ಸರದಿ. ಆದರೆ ಮೈಸೂರು ನೋಡಲು ಬಂದವರ ಕಣ್ಣಿಗೆ ಇದ್ಯಾವುದೂ ಬೀಳುವುದಿಲ್ಲ. ಅರಮನೆ ಇದೆ, ದಸರಾ ಇದೆ, ಹೆಬ್ಬಾಳದ ಕಡೆ ಇನ್ಫೋಸಿಸ್ ಇದೆ. ಒಂದು ಕಡೆ ಹೋದದ್ದು ಇನ್ನೊಂದು ಕಡೆ ತುಂಬಿಕೊಂಡಿತು. ಮಂಡ್ಯಕ್ಕೆ ಆ ಅನುಕೂಲ ಇರಲಿಲ್ಲ. ಅಲ್ಲಿ ಊರಿನ ಗುರುತೇ ಕಾರ್ಖಾನೆ. ಒಂದು ಬಡಾವಣೆಗೆ ಷುಗರ್ ಟೌನ್ ಅಂತಲೇ ಹೆಸರು. ಶಾಲೆಗೆ ಮೈಷುಗರ್ ಹೆಸರು. ಇಡೀ ಜಿಲ್ಲೆಗೆ ಸಕ್ಕರೆ ನಾಡು ಅನ್ನುವ ಬಿರುದು. ಹಾಗಾಗಿ ಬಾಯ್ಲರ್ ಆರಿದರೆ ಅದು ಒಂದು ಕಂಪನಿಯ ಸುದ್ದಿಯಾಗಿ ಉಳಿಯುವುದಿಲ್ಲ.

ನಾಲೆಯ ಜೊತೆ ಹುಟ್ಟಿದ ಕಾರ್ಖಾನೆ

ಹಿಂದಿನದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕಂದ್ರೆ ಈಗಿನ ತೊಂದರೆಯ ಬೇರು ಅಲ್ಲೇ ಇದೆ.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಕಟ್ಟೆ ಎದ್ದ ಮೇಲೆ ನೀರನ್ನು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ತರಲು ನಾಲೆ ಬೇಕಾಯಿತು. ಹುಲಿಕೆರೆ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಿದರು. ಆಗಿನ ವೈಸ್‌ರಾಯ್ ಹೆಸರಲ್ಲಿ ಅದು ಇರ್ವಿನ್ ನಾಲೆ ಆಯಿತು. ಈಗ ಎಲ್ಲರ ಬಾಯಲ್ಲೂ ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ. ಸುಮಾರು 1,20,000 ಎಕರೆಗೆ ನೀರು ಕೊಡುವ ಲೆಕ್ಕ ಅದು. ರಾಗಿ, ಜೋಳ ಬೆಳೆದುಕೊಂಡಿದ್ದ ಒಣ ನೆಲಕ್ಕೆ ಇದ್ದಕ್ಕಿದ್ದಂತೆ ನೀರು ಬಂತು.

ನೀರು ಬಂದರೆ ಸಾಕೇ? ಸಂಸ್ಥಾನ ಕೋಟಿಗಟ್ಟಲೆ ಹಣ ಸುರಿದಿತ್ತು. ನೀರಿನ ಕಂದಾಯ ಕಟ್ಟುವ ಶಕ್ತಿ ರೈತನಿಗೆ ಬರಬೇಕಾದರೆ ಕೈಗೆ ಕಾಸು ಕೊಡುವ ಬೆಳೆ ಬೇಕಿತ್ತು. ಇಲ್ಲಿ ಲೆಸ್ಲಿ ಕೋಲ್ಮನ್ ಬರುತ್ತಾರೆ. ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರು. ಆಮೇಲೆ ಕೃಷಿ ಇಲಾಖೆಯ ಮುಖ್ಯಸ್ಥರಾದರು. ನಾಲೆ ಬಯಲಿನಲ್ಲಿ ಕಬ್ಬು ಬೆಳೆಸಿ, ಪಕ್ಕದಲ್ಲೇ ಕಾರ್ಖಾನೆ ಹಾಕಬೇಕು ಅನ್ನುವುದು ಅವರ ಹಟ. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ಒಪ್ಪಿದರು.

ಹೊತ್ತೂ ಕೂಡಿ ಬಂತು. ಅಲ್ಲಿವರೆಗೆ ಇಂಡಿಯಾದ ಮಾರುಕಟ್ಟೆಯಲ್ಲಿ ಜಾವಾ ಸಕ್ಕರೆಯದೇ ಜೋರು. (ಮೈಸೂರಿನವರಿಗೆ ಜಾವಾ ಅಂದರೆ ಬೈಕ್. ಇದು ಇಂಡೋನೇಷ್ಯಾದ ದ್ವೀಪ.) 1932ರಲ್ಲಿ ಬ್ರಿಟಿಷ್ ಸರ್ಕಾರ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಡುವ ಕಾನೂನು ತಂದಿತು. ಹೊರಗಿನ ಸಕ್ಕರೆಗೆ ದೊಡ್ಡ ಸುಂಕ ಬಿತ್ತು. ದೇಶದ ತುಂಬ ಸಕ್ಕರೆ ಕಾರ್ಖಾನೆಗಳು ಎದ್ದವು. ಮಂಡ್ಯದ ದಿ ಮೈಸೂರು ಷುಗರ್ ಕಂಪನಿ 1933ರಲ್ಲಿ ಶುರುವಾಯಿತು. ದೊಡ್ಡ ಪಾಲು ಸಂಸ್ಥಾನದ್ದು. ಜೊತೆಗೆ ರೈತರೂ ಷೇರು ಕೊಂಡರು. ಇವತ್ತಿಗೂ ಸಾವಿರಾರು ರೈತ ಕುಟುಂಬಗಳ ಪೆಟ್ಟಿಗೆಯಲ್ಲಿ ಮೈಷುಗರ್ ಷೇರು ಪತ್ರ ಇದೆ.

ಇನ್ನೊಂದು ವ್ಯವಸ್ಥೆಯೂ ಇತ್ತು. ಅದರ ಹೆಸರು ಬ್ಲಾಕ್ ಪದ್ಧತಿ. ನಾಲೆ ಕೆಳಗಿನ ಜಮೀನನ್ನು ಬ್ಲಾಕ್‌ಗಳಾಗಿ ಹಂಚಿ, ಒಂದರಲ್ಲಿ ಭತ್ತ, ಒಂದರಲ್ಲಿ ಕಬ್ಬು, ಒಂದರಲ್ಲಿ ಕಡಿಮೆ ನೀರಿನ ಬೆಳೆ ಅಂತ ಮೂರು ವರ್ಷದ ಸರದಿ ಇಟ್ಟರು. ನೀರು ಎಲ್ಲರಿಗೂ ಸಿಗಲಿ, ನೆಲ ಜೌಗು ಹಿಡಿಯದಿರಲಿ ಅನ್ನುವುದು ಉದ್ದೇಶ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಯಾವ ವರ್ಷ ಯಾವ ಊರಲ್ಲಿ ಎಷ್ಟು ಕಬ್ಬು ಬರುತ್ತದೆ ಅಂತ ಕಾರ್ಖಾನೆಗೆ ಮೊದಲೇ ಗೊತ್ತಿರುತ್ತಿತ್ತು. ನೀರು, ಬೆಳೆ, ಕಾರ್ಖಾನೆ ಮೂರೂ ಒಂದೇ ಸರ್ಕಾರದ ಕೈಯಲ್ಲಿ ಒಂದೇ ಕ್ಯಾಲೆಂಡರ್ ಮೇಲೆ ನಡೆಯುತ್ತಿದ್ದವು. ಕಾರ್ಖಾನೆ ಬಂದ ಆರೇ ವರ್ಷಕ್ಕೆ, 1939ರಲ್ಲಿ, ಮಂಡ್ಯ ಮೈಸೂರಿನಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾಯಿತು.

ಕಬ್ಬಿನ ಕ್ಯಾಲೆಂಡರ್

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಬ್ಬು ಮಾರುವುದು ಟೊಮೆಟೊ ಮಾರಿದ ಹಾಗಲ್ಲ. ಟೊಮೆಟೊ ಕಿತ್ತ ಮೇಲೆ ಯಾವ ಮಂಡಿಗೆ ಹಾಕಬೇಕು ಅಂತ ಯೋಚಿಸಬಹುದು. ಕಬ್ಬಿನ ಗಿರಾಕಿ ಯಾರು ಅನ್ನುವುದು ನಾಟಿ ಮಾಡುವಾಗಲೇ ನಿಶ್ಚಯ ಆಗಬೇಕು. ಕಾರ್ಖಾನೆಯ ಫೀಲ್ಡ್‌ಮ್ಯಾನ್ ಬಂದು ಜಮೀನು ನೋಡುತ್ತಾನೆ. ತಳಿ, ನಾಟಿ ತಾರೀಕು ಬರೆದುಕೊಳ್ಳುತ್ತಾನೆ. ಅದು ಒಪ್ಪಿಗೆ ಕಬ್ಬು. ಬೆಳೆ ಬರಲು ಹನ್ನೆರಡರಿಂದ ಹದಿನಾಲ್ಕು ತಿಂಗಳು ಬೇಕು. ಮಂಡ್ಯದಲ್ಲಿ ಬಹುಕಾಲ ಓಡಿದ ಕೋ 62175 ತಳಿಯಂತೂ ತಡವಾಗಿ ಮಾಗುವಂಥದ್ದು. ಟನ್ನೇಜ್ ಚೆನ್ನಾಗಿ ಬರುತ್ತದೆ ಅಂತ ರೈತರಿಗೆ ಅದೇ ಇಷ್ಟ.

ಬೆಳೆದ ಮೇಲೆ ಕಾರ್ಖಾನೆಯ ಕಟಿಂಗ್ ಆರ್ಡರ್‌ಗೆ ಕಾಯಬೇಕು. ಆರ್ಡರ್ ಬರದೆ ಕಡಿಯುವ ಹಾಗಿಲ್ಲ. ಕಡಿದ ಕಬ್ಬನ್ನು ಒಂದೆರಡು ದಿನದೊಳಗೆ ಅರೆಯದಿದ್ದರೆ ತೂಕ ಇಳಿಯುತ್ತದೆ, ಸಕ್ಕರೆ ಒಡೆಯುತ್ತದೆ. ಹಾಗಂತ ಗದ್ದೆಯಲ್ಲೇ ಬಿಟ್ಟರೂ ಸುಖ ಇಲ್ಲ. ಸೂಲಂಗಿ (ಕಬ್ಬಿನ ಹೂ) ಹೊರಡುತ್ತದೆ, ಒಳಗೆ ಬೆಂಡಾಗುತ್ತದೆ. ಬೇಸಿಗೆ ಬಂದರೆ ಒಣಗುತ್ತದೆ, ಒಮ್ಮೊಮ್ಮೆ ಬೆಂಕಿ ಬೀಳುತ್ತದೆ. ಕಡಿಯಲು ಬಳ್ಳಾರಿ ಕಡೆಯಿಂದ ಬರುವ ಗ್ಯಾಂಗ್‌ಗಳು ಒಂದು ಊರಲ್ಲಿ ಕೆಲಸ ಇಲ್ಲ ಅಂದರೆ ಇನ್ನೊಂದು ಊರಿಗೆ ಹೊರಟುಬಿಡುತ್ತವೆ. ಮೊದಲ ಕಟಾವು ತಡವಾದರೆ ಕೂಳೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆಯೂ ತಡ. ಅಂದರೆ ಒಂದು ವರ್ಷದ ಏರುಪೇರು ಮುಂದಿನ ಎರಡು ವರ್ಷಕ್ಕೂ ಸುತ್ತಿಕೊಳ್ಳುತ್ತದೆ.

ಕೊನೆಗೆ ಬಟವಾಡೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆ ಕಾನೂನು ಬೇರೆ ಬೆಳೆಗಾರರಿಗೆ ಇಲ್ಲ. ನಮ್ಮ ಸೋದರಮಾವನಿಗೆ ಒಂದು ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ದುಡ್ಡು ಮುಂದಿನ ಯುಗಾದಿಗೂ ಬರಲಿಲ್ಲ. ಬಡ್ಡಿಯ ಮಾತು ಎತ್ತಿದರೆ ಕೌಂಟರಿನಲ್ಲಿ ಕೂತಿದ್ದವರು ನಕ್ಕರಂತೆ.

ಇಷ್ಟೆಲ್ಲ ಹೇಳಿದ್ದು ಒಂದೇ ಕಾರಣಕ್ಕೆ. ಈ ವರ್ಷ ಜುಲೈನಲ್ಲಿ ಕಾರ್ಖಾನೆಗೆ ಕಬ್ಬು ಬರಬೇಕಾದರೆ ಹೋದ ವರ್ಷದ ಮುಂಗಾರಿನಲ್ಲಿ ರೈತ ಅದನ್ನು ನಂಬಿರಬೇಕು. ಮೆಷಿನ್ ಕೆಟ್ಟರೆ ಬಿಡಿಭಾಗ ತರಿಸಬಹುದು. ಹೋದ ವರ್ಷದ ನಾಟಿಯನ್ನು ಈ ವರ್ಷ ತರಿಸಲು ಆಗುವುದಿಲ್ಲ.

ಲೆಕ್ಕ ಎಲ್ಲಿ ತಪ್ಪಿತು

ಈಗ ಹಣದ ಕಡೆ ನೋಡೋಣ. ಕೇಂದ್ರ ಸರ್ಕಾರ ಪ್ರತಿ ವರ್ಷ ಕಬ್ಬಿಗೆ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಬೆಲೆ ನಿಗದಿ ಮಾಡುತ್ತದೆ. 2023-24ರಲ್ಲಿ ಶೇ 10.25 ಇಳುವರಿಗೆ ಟನ್‌ಗೆ 3,150 ರೂಪಾಯಿ ಇತ್ತು. ಇಳುವರಿ ಅಂದರೆ ಒಂದು ಟನ್ ಕಬ್ಬಿನಿಂದ ಸಿಗುವ ಸಕ್ಕರೆ. ಅದು ಕಡಿಮೆಯಾದರೆ ಬೆಲೆಯೂ ಇಳಿಯುತ್ತದೆ, ಆದರೆ ಶೇ 9.5ಕ್ಕಿಂತ ಕೆಳಗೆ ಹೋದರೂ ರೈತನಿಗೆ ಆ ವರ್ಷ 2,919 ರೂಪಾಯಿ 75 ಪೈಸೆ ಕೊಡಲೇಬೇಕಿತ್ತು. ರೈತನ ದೃಷ್ಟಿಯಿಂದ ಇದು ನ್ಯಾಯವೇ.

ಬೆಳಗಾವಿ ಕಡೆಯ ಕಬ್ಬಿಗಿಂತ ನಮ್ಮ ಕಡೆಯ ಕಬ್ಬಿನ ಇಳುವರಿ ಕಡಿಮೆ. ನೀರು ಜಾಸ್ತಿ, ಚಳಿ ಕಡಿಮೆ, ಅದು ಹೊಸದೇನಲ್ಲ. ಒಂದು ಕಾರ್ಖಾನೆಯ ಇಳುವರಿ ಶೇ 8.5 ಅಂತ ಇಟ್ಟುಕೊಳ್ಳಿ. ಒಂದು ಟನ್ನಿಗೆ 85 ಕಿಲೋ ಸಕ್ಕರೆ. 2019ರಲ್ಲಿ ಸರ್ಕಾರ ಸಕ್ಕರೆಗೆ ಇಟ್ಟ ಕನಿಷ್ಠ ಮಾರಾಟ ಬೆಲೆ ಕಿಲೋಗೆ 31 ರೂಪಾಯಿ. ಆ ಬೆಲೆಗೆ ಮಾರಿದರೆ 2,635 ರೂಪಾಯಿ. ಕಬ್ಬಿನ ಬೆಲೆಯೇ ಹುಟ್ಟಲಿಲ್ಲ. ಮಾರುಕಟ್ಟೆಯಲ್ಲಿ 35 ಸಿಕ್ಕಿತು ಅಂದರೂ 2,975. ಸಂಬಳ, ಸುಣ್ಣ, ಗಂಧಕ, ಚೀಲ, ರಿಪೇರಿ, ಬಡ್ಡಿ ಎಲ್ಲಕ್ಕೂ ಉಳಿದದ್ದು 55 ರೂಪಾಯಿ ಚಿಲ್ಲರೆ!

ಹಾಗಾದರೆ ಖಾಸಗಿ ಕಾರ್ಖಾನೆಗಳು ಹೇಗೆ ಬದುಕುತ್ತವೆ? ಸಕ್ಕರೆಯಾಚೆಗಿನ ವ್ಯಾಪಾರದಿಂದ. ಕಬ್ಬಿನ ತೂಕದಲ್ಲಿ ಮೂರರಲ್ಲಿ ಒಂದು ಪಾಲಿಗೆ ಸ್ವಲ್ಪ ಕಡಿಮೆ ಸಿಪ್ಪೆ. ಅದನ್ನು ಉರಿಸಿ ಕಾರ್ಖಾನೆ ನಡೆಸಿ, ಉಳಿದ ಕರೆಂಟನ್ನು ಗ್ರಿಡ್‌ಗೆ ಮಾರುತ್ತಾರೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಸ್ಪಿರಿಟ್, ಎಥನಾಲ್. ಮಡ್ಡಿಯಿಂದ ಗೊಬ್ಬರ. ಮೈಷುಗರ್‌ಗೂ ಡಿಸ್ಟಿಲರಿ ಇತ್ತು. ವಿದ್ಯುತ್ ಘಟಕವನ್ನೂ ಹಾಕಿದರು. ಆದರೆ ಈ ಎಲ್ಲವೂ ಲಾಭ ಕೊಡುವುದು ಅರೆಯುವುದು ನಿಲ್ಲದೆ ನಡೆದರೆ ಮಾತ್ರ. ಗಾಣ ನಿಂತು ನಿಂತು ಓಡಿದರೆ ಸಿಪ್ಪೆ ಸಾಲುವುದಿಲ್ಲ, ಬಾಯ್ಲರ್‌ಗೆ ಬೇರೆ ಉರುವಲು ತರಬೇಕು. ಕೊಳವೆಯಲ್ಲಿ ನಿಂತ ಹಾಲು ಹುಳಿಯುತ್ತದೆ. (ಕಬ್ಬಿನ ರಸಕ್ಕೆ ನಮ್ಮ ಕಡೆ ಹಾಲು ಅಂತಲೇ ಹೇಳುವುದು.) ಇಳುವರಿ ಇನ್ನೂ ಇಳಿಯುತ್ತದೆ. ಯಾರ್ಡಿನಲ್ಲಿ ಲಾರಿಗಳು ಸಾಲುಗಟ್ಟುತ್ತವೆ. ಸಾಲು ನೋಡಿದ ರೈತ ಮುಂದಿನ ವರ್ಷ ಬೇರೆ ಕಾರ್ಖಾನೆಯ ಫೀಲ್ಡ್‌ಮ್ಯಾನ್‌ಗೆ ಹೆಸರು ಬರೆಸುತ್ತಾನೆ.

ಇಲ್ಲಿಂದ ಮುಂದಿನದು ಒಂದೇ ಸುತ್ತು. ಕಬ್ಬು ಕಡಿಮೆ, ಆದ್ದರಿಂದ ನಷ್ಟ. ನಷ್ಟ, ಆದ್ದರಿಂದ ಬಟವಾಡೆ ತಡ. ತಡ, ಆದ್ದರಿಂದ ಕಬ್ಬು ಇನ್ನೂ ಕಡಿಮೆ. ಮೈಷುಗರ್ ರೋಗಗ್ರಸ್ತ ಉದ್ಯಮಗಳ ಮಂಡಳಿ ಬಿಐಎಫ್‌ಆರ್ ಮುಂದೆಯೂ ಹೋಗಿ ಬಂತು. ಸರ್ಕಾರ ಆಗಾಗ ಹಣ ಕೊಟ್ಟಿತು. ಅಧ್ಯಕ್ಷ ಸ್ಥಾನ ಪಕ್ಷದವರಿಗೆ ಕೊಡುವ ಕಾಣಿಕೆಯಾಯಿತು. ಸಕ್ಕರೆ ಕಾರ್ಖಾನೆ ನಡೆಸುವ ಅನುಭವ ಒಂದೆರಡು ಹಂಗಾಮಿನಲ್ಲಿ ಬರುವಂಥದ್ದಲ್ಲ, ಅಷ್ಟರಲ್ಲಿ ಮೇಲಿನವರು ಬದಲಾಗಿರುತ್ತಾರೆ.

ಇದರ ಮೇಲೆ ನೀರು. 2012ರಲ್ಲಿ, 2016ರಲ್ಲಿ, ಮತ್ತೆ 2023ರಲ್ಲಿ ಕಟ್ಟೆ ತುಂಬಲಿಲ್ಲ. ನಾಲೆಗೆ ಕಟ್ಟು ನೀರು (ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ನೀರು) ಬಿಡುವುದು, ಕಬ್ಬು ಹಾಕಬೇಡಿ ಅಂತ ಅಧಿಕಾರಿಗಳು ಹೇಳುವುದು ಮಾಮೂಲಾಯಿತು. ಹಳೆಯ ಒಂದೇ ಕ್ಯಾಲೆಂಡರ್ ಹರಿದು ಮೂರು ಚೂರಾಗಿತ್ತು. ನೀರಿನ ತೀರ್ಮಾನ ಕಾವೇರಿ ಟ್ರಿಬ್ಯುನಲ್, ಸುಪ್ರೀಂ ಕೋರ್ಟ್, ಕಾವೇರಿ ಪ್ರಾಧಿಕಾರದ ಕೈಗೆ ಹೋಗಿತ್ತು. ಬೆಳೆಯ ತೀರ್ಮಾನ ರೈತನದು. ಕಾರ್ಖಾನೆಯ ಹಣದ ತೀರ್ಮಾನ ವಿಧಾನಸೌಧದ್ದು. 2015ರಲ್ಲಿ ಸಕ್ಕರೆ ಬೆಲೆ ಬಿದ್ದು, ಬಾಕಿ ಬೆಳೆದು, ಜಿಲ್ಲೆಯ ರೈತರ ಆತ್ಮಹತ್ಯೆಗಳು ಇಡೀ ದೇಶದ ಸುದ್ದಿಯಾದವು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಆ ವರ್ಷದ ನಂತರ ಕಬ್ಬು ಅನ್ನುವ ಬೆಳೆಯನ್ನೇ ಅನುಮಾನದಿಂದ ನೋಡುವ ಮನೆಗಳು ಹೆಚ್ಚಾದವು ಅನ್ನುವುದಷ್ಟೇ ಇಲ್ಲಿ ಬೇಕಾದ ವಿಷಯ.

ಬಾಯ್ಲರ್ ಆರಿದ ವರ್ಷಗಳು

2022ಕ್ಕೆ ಮುಂಚಿನ ಕೆಲವು ವರ್ಷ ಕಾರ್ಖಾನೆ ಪೂರ್ತಿ ನಿಂತಿತ್ತು. ಕಾಯಂ ನೌಕರರಲ್ಲಿ ಬಹಳ ಜನ ಸ್ವಯಂ ನಿವೃತ್ತಿ ತೆಗೆದುಕೊಂಡು ಹೊರಟರು. ಪಕ್ಕದ ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು. ಮೈಷುಗರ್‌ಗೂ ಅದೇ ದಾರಿ ಅನ್ನುವ ಮಾತು ಬಂದಾಗ ಮಂಡ್ಯ ಬೀದಿಗಿಳಿಯಿತು. ರೈತ ಸಂಘಟನೆಗಳು, ಕನ್ನಡ ಸಂಘಟನೆಗಳು, ವಕೀಲರು, ನಿವೃತ್ತ ನೌಕರರು ಧರಣಿ ಕೂತರು. ರಾಜ್ಯದಲ್ಲಿ ಉಳಿದ ಏಕೈಕ ಸರ್ಕಾರಿ ಸಕ್ಕರೆ ಕಾರ್ಖಾನೆ, ಅದನ್ನು ಕೊಡುವುದಿಲ್ಲ ಅನ್ನುವುದು ವಾದ. 2021ರಲ್ಲಿ ಸರ್ಕಾರ ಮಣಿಯಿತು, ತಾನೇ ನಡೆಸುತ್ತೇನೆ ಅಂದಿತು. 2022ರಲ್ಲಿ ಮತ್ತೆ ಬಾಯ್ಲರ್‌ಗೆ ಬೆಂಕಿ ಬಿತ್ತು.

ಧರಣಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಒಂದು ಸಂಗತಿ ಚುಚ್ಚುತ್ತದೆ. ಖಾಸಗಿಯೋ ಸರ್ಕಾರಿಯೋ ಅನ್ನುವ ಜಗಳದಲ್ಲಿ ನಿಂತ ವರ್ಷಗಳಿಗೆ ಎಷ್ಟು ಬೆಲೆ ಅಂತ ಯಾರೂ ಲೆಕ್ಕ ಹಾಕಲಿಲ್ಲ. ಆ ವರ್ಷಗಳಲ್ಲಿ ಮೈಷುಗರ್ ವ್ಯಾಪ್ತಿಯ ಕಬ್ಬು ಸುಮ್ಮನೆ ನಿಂತಿರಲಿಲ್ಲ. ಬೇರೆ ಕಾರ್ಖಾನೆಗಳ ಫೀಲ್ಡ್‌ಮ್ಯಾನ್‌ಗಳು ಊರೂರಿಗೆ ಬಂದರು. ಗ್ಯಾಂಗ್ ಕೊಟ್ಟರು, ಮುಂಗಡ ಕೊಟ್ಟರು, ಗೊಬ್ಬರ ಕೊಟ್ಟರು. ಕಾರ್ಖಾನೆ ಮತ್ತೆ ಶುರುವಾದಾಗ ಅದರ ಹಳೆಯ ರೈತರಿಗೆ ಹೊಸ ಸಂಬಂಧ ಬೆಳೆದಿತ್ತು. ಬಸ್ ಬರುತ್ತೋ ಇಲ್ವೋ ಅಂತ ಗೊತ್ತಿಲ್ಲದ ಸ್ಟಾಪಿನಲ್ಲಿ ಯಾರು ತಾನೇ ನಿಲ್ಲುತ್ತಾರೆ?

ಕಾರ್ಖಾನೆಯ ಸಾಮರ್ಥ್ಯ ದಿನಕ್ಕೆ 5,000 ಟನ್. ಐದು ತಿಂಗಳು ಪೂರ್ತಿ ಓಡಬೇಕಾದರೆ ಏಳೂವರೆ ಲಕ್ಷ ಟನ್ ಬೇಕು. ಎಕರೆಗೆ 40 ಟನ್ ಅಂತ ಹಿಡಿದರೂ ಸುಮಾರು 19,000 ಎಕರೆ ಒಪ್ಪಿಗೆ ಕಬ್ಬು. ಶುರುವಾದ ಮೇಲಿನ ಹಂಗಾಮುಗಳಲ್ಲಿ ಅರೆದದ್ದು ಇದಕ್ಕಿಂತ ತುಂಬಾ ಕೆಳಗೆ.

ಊರು ಹೇಗಿದೆ

ರೈಲಿಳಿದು ಷುಗರ್ ಟೌನ್ ಕಡೆ ನಡೆದರೆ ಪಾಳುಬಿದ್ದ ನಗರವೇನೂ ಕಾಣುವುದಿಲ್ಲ. ಅಂಥ ಫೋಟೊ ತೆಗೆಯಲು ಬಂದವರಿಗೆ ನಿರಾಸೆಯೇ. ನೂರಡಿ ರಸ್ತೆಯಲ್ಲಿ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಬ್ಯಾಂಕು ಎಲ್ಲ ಗಿಜಿಗುಡುತ್ತಿರುತ್ತವೆ. ಪಿಇಎಸ್ ಕಾಲೇಜು, ಮೆಡಿಕಲ್ ಕಾಲೇಜು ಇವೆ. ಮಂಡ್ಯದ ಹುಡುಗರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ. ಊರು ಬದುಕಿದೆ. ಕಾರ್ಖಾನೆಯ ಸುತ್ತಮುತ್ತ ಮಾತ್ರ ಬೇರೆ ಗಾಳಿ. ಹೆಂಚಿನ ಕ್ವಾರ್ಟರ್ಸ್‌ಗಳಲ್ಲಿ ಕೆಲವಕ್ಕೆ ಬೀಗ. ಕಾಂಪೌಂಡಿನ ಒಳಗೆ ದೊಡ್ಡ ದೊಡ್ಡ ಮಳೆಮರಗಳು, ಅವುಗಳ ಕೆಳಗೆ ತುಕ್ಕು ಹಿಡಿದ ಪೈಪು, ಹಲ್ಲು ಸವೆದ ಚಕ್ರ. ಎಲ್ಲವೂ ತಾತ್ಕಾಲಿಕವಾಗಿ ಇಟ್ಟ ಹಾಗಿದೆ, ವರ್ಷಗಟ್ಟಲೆಯಿಂದ.

ಟೀ ಅಂಗಡಿಯಲ್ಲಿ ಸಿಕ್ಕ ನಿವೃತ್ತ ಫಿಟರ್ ಒಬ್ಬರು ಗಾಣದ ರೋಲರ್‌ಗಳ ಬಗ್ಗೆ ಹೊಲದ ಎತ್ತುಗಳ ಬಗ್ಗೆ ಮಾತಾಡಿದಷ್ಟು ಅಕ್ಕರೆಯಿಂದ ಮಾತಾಡಿದರು. ಅವರ ದೂರು ಯಂತ್ರದ ಮೇಲೆ ಇರಲಿಲ್ಲ. ಹಂಗಾಮು ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ, ರೋಲರ್ ಹಲ್ಲು ಕಟ್ಟಿ, ಟ್ಯೂಬ್ ತೊಳೆದು ಮತ್ತೆ ಜೋಡಿಸಬೇಕು. ಅದಕ್ಕೆ ಮೂರು ತಿಂಗಳು ಬೇಕು. ದುಡ್ಡು ಮಾರ್ಚ್‌ನಲ್ಲಿ ಬರಬೇಕು, ಜೂನ್‌ನಲ್ಲಿ ಬಂದರೆ ಏನು ಬಂತು ಅನ್ನುವುದು ಅವರ ಮಾತು. ಪಕ್ಕದಲ್ಲಿದ್ದ ಮಹಿಳೆಗೆ ಈ ಹಳೇ ವೈಭವದ ಕಥೆಯೇ ಬೇಡವಾಗಿತ್ತು. ಚಿಮಣಿ ಶುರುವಾದರೆ ಒಣಹಾಕಿದ ಬಟ್ಟೆ ಮೇಲೆ ಕಪ್ಪು ಬೂದಿ ಬೀಳುತ್ತದೆ ಅಂತ ಅವರ ತಕರಾರು. ಇಬ್ಬರೂ ಒಂದೇ ಬೀದಿಯವರು.

ಹಳೆಯ ಹೆದ್ದಾರಿಯಲ್ಲಿ ಬೇರೆ ರೀತಿಯ ಸೊರಗುವಿಕೆ ಕಾಣುತ್ತದೆ. 118 ಕಿಲೋಮೀಟರ್‌ನ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯನ್ನು 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟಿಸಿದರು. ಬೈಪಾಸ್ ಆದ ಮೇಲೆ ಮೈಸೂರಿಗೆ ಹೋಗುವ ಕಾರುಗಳು ಊರೊಳಗೆ ಬರುವುದಿಲ್ಲ. ಕಾಫಿಗೆ ನಿಲ್ಲುತ್ತಿದ್ದವರು ಈಗ ಮೇಲಿನಿಂದಲೇ ಹಾರಿಹೋಗುತ್ತಾರೆ. ಎಳನೀರು, ಗೊಂಬೆ, ಟಿಫಿನ್ ನಂಬಿದ್ದ ಅಂಗಡಿಗಳು ಖಾಲಿ ಹೊಡೆಯುತ್ತಿವೆ. ಬೆಳಗೊಳದಲ್ಲಿ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುತ್ತಿದ್ದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ ಮುಚ್ಚಿ ಎಷ್ಟೋ ಕಾಲವಾಯಿತು. ಸಕ್ಕರೆ, ಅದರ ಸಿಪ್ಪೆಯಿಂದ ಕಾಗದ, ಕಾಕಂಬಿಯಿಂದ ಸ್ಪಿರಿಟ್ ಅಂತ ಒಂದು ಸರಪಳಿ ಕಟ್ಟಿದ್ದರು. ಒಂದೊಂದೇ ಕೊಂಡಿ ಕಳಚಿತು.

ಆಲೆಮನೆಗಳು ಮಾತ್ರ ಹೊಗೆ ಉಗುಳುತ್ತಲೇ ಇವೆ. ಮಂಡ್ಯದ ಎಪಿಎಂಸಿಯಲ್ಲಿ ಅಚ್ಚು, ಕುರಿಕಟ್ಟು, ಬಕೆಟ್ ಅಂತ ಬಗೆಬಗೆಯ ಬೆಲ್ಲ ಹರಾಜಾಗುತ್ತದೆ. ಆಲೆಮನೆಯವನು ಟನ್‌ಗೆ ಕಾರ್ಖಾನೆಗಿಂತ ಕಡಿಮೆ ಕೊಟ್ಟರೂ ಕೆಲವೊಮ್ಮೆ ರೈತ ಅಲ್ಲಿಗೇ ಹೋಗುತ್ತಾನೆ. ಯಾಕೆ? ನಾಳೆ ಬೆಳಿಗ್ಗೆ ಕಡಿ ಅಂದರೆ ಕಡಿಯುತ್ತಾರೆ. ದುಡ್ಡು ಕೈಗೆ ಬರುತ್ತದೆ. ಗೊತ್ತಿರುವ ಮುಖ. ಬೆಲ್ಲ ಬೆಳ್ಳಗೆ ಬರಲಿ ಅಂತ ಕೊಪ್ಪರಿಗೆಗೆ ಸಕ್ಕರೆ ಬೆರೆಸುತ್ತಾರೆ ಅನ್ನುವ ದೂರು ಹಳೆಯದು. ಸಕ್ಕರೆ ನಾಡಿನ ಬೆಲ್ಲಕ್ಕೆ ಹೊರಗಿನಿಂದ ಬಂದ ಸಕ್ಕರೆ! ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ನನ್ನ ತೀರ್ಮಾನ

ಕಾರ್ಖಾನೆಯನ್ನು ಊರಾಚೆ ಸಾತನೂರು ಬಳಿ ಹೊಸದಾಗಿ ಕಟ್ಟಬೇಕು, ಹಳೆಯ ಜಾಗದಲ್ಲಿ ಸಾಫ್ಟ್‌ವೇರ್ ಪಾರ್ಕ್ ಮಾಡಬೇಕು ಅನ್ನುವ ಮಾತು ಎದ್ದಿತ್ತು. ಹೊಸ ಯಂತ್ರ ಬೇಕು ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಟ್ಟಡದಿಂದ ಶುರು ಮಾಡಿದರೆ ಕುದುರೆಗೆ ಮುಂಚೆ ಲಗಾಮು ಕೊಂಡಂತೆ ಆಗುತ್ತದೆ ಅನ್ನುವ ಗಾದೆಯ ಮಾತಿನಲ್ಲಿ ಮುಗಿಸುವುದು ನನಗೆ ಬೇಡ. ಲೆಕ್ಕದಲ್ಲೇ ಹೇಳುತ್ತೇನೆ.

ಸಕ್ಕರೆ ತಯಾರಾದ ದಿನವೇ ಮಾರುವ ಹಾಗಿಲ್ಲ. 2018ರಿಂದ ಯಾವ ಕಾರ್ಖಾನೆ ತಿಂಗಳಿಗೆ ಎಷ್ಟು ಮಾರಬೇಕು ಅಂತ ಕೇಂದ್ರ ಸರ್ಕಾರ ಕೋಟಾ ಕೊಡುತ್ತದೆ. ರೈತನಿಗೆ 14 ದಿನದಲ್ಲಿ ಕೊಡಬೇಕು, ಸಕ್ಕರೆಯ ಹಣ ತಿಂಗಳುಗಟ್ಟಲೆ ಹರಡಿಕೊಂಡು ಬರುತ್ತದೆ. ನಡುವಿನ ಅಂತರ ತುಂಬಲು ಬೇರೆ ಕಾರ್ಖಾನೆಗಳು ಗೋದಾಮಿನ ಸಕ್ಕರೆಯನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ತರುತ್ತವೆ. ವರ್ಷಗಟ್ಟಲೆ ನಷ್ಟದಲ್ಲಿದ್ದ ಕಂಪನಿಗೆ ಬ್ಯಾಂಕು ಸುಲಭವಾಗಿ ಕೈ ಕೊಡುವುದಿಲ್ಲ. ಆಗ ಉಳಿಯುವುದು ಸರ್ಕಾರದ ಅನುದಾನ. ಅನುದಾನ ಬರುವುದು ಬಜೆಟ್ಟು, ಕಡತ, ಸಹಿ ಮುಗಿದ ಮೇಲೆ. ಕಬ್ಬಿನ ಗರಿಗೆ ಕಡತದ ಪರಿಚಯ ಇಲ್ಲ.

ಹಾಗಾಗಿ ನನ್ನ ಪ್ರಕಾರ ಸರ್ಕಾರ ಮೊದಲು ಕೊಡಬೇಕಾದದ್ದು ಒಂದು ಗ್ಯಾರಂಟಿ ನಿಧಿ. ಕಬ್ಬಿನ ಬಟವಾಡೆಗೆ ಮಾತ್ರ. ಸಂಬಳಕ್ಕೆ, ರಿಪೇರಿಗೆ, ಸಮಾರಂಭಕ್ಕೆ ಮುಟ್ಟುವ ಹಾಗಿಲ್ಲ. ಸಕ್ಕರೆ ಮಾರಿದಂತೆ ವಾಪಸ್ ತುಂಬಬೇಕು. ರಿಪೇರಿಯ ಹಣ ಹಂಗಾಮು ಮುಗಿದ ತಿಂಗಳಲ್ಲೇ ಬಿಡುಗಡೆ ಆಗಬೇಕು. ಮೇಲಿನವರನ್ನು ಕನಿಷ್ಠ ಮೂರು ಹಂಗಾಮು ಕದಲಿಸಬಾರದು, ಯಾಕಂದ್ರೆ ಒಂದು ತನಿ ಬೆಳೆ (ಹೊಸ ನಾಟಿಯದು), ಎರಡು ಕೂಳೆ ಮುಗಿಯಲು ಅಷ್ಟು ಬೇಕು. ಸಾಮರ್ಥ್ಯ 5,000 ಅಂತ ಅಷ್ಟೂ ಅರೆಯಲು ಹೊರಡದೆ, ಸಿಕ್ಕುವ ಕಬ್ಬಿಗೆ ತಕ್ಕಷ್ಟು ತಿಂಗಳು, ಆದರೆ ನಿಲ್ಲದೆ ಓಡಿಸಬೇಕು. ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ವಿಸಿಎಫ್ 0517ರಂಥ ತಳಿಗಳನ್ನು ಒಪ್ಪಿಗೆ ರೈತರಿಗೆ ಮೊದಲು ಕೊಡಬಹುದು. ಅದು ಊರ ಪಕ್ಕದಲ್ಲೇ ಇದೆ ಅಲ್ವಾ?

ಖಾಸಗಿಗೆ ಕೊಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು ಅನ್ನುವವರಿಗೂ ಒಂದು ಮಾತು. ಖಾಸಗಿಯವರ ಬಾಕಿಯ ಕಥೆಗಳೂ ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಮೈಷುಗರ್ ಸಾಧಾರಣವಾಗಿ ಓಡಿದರೂ ಸಾಕು, ಸುತ್ತಲಿನ ಕಾರ್ಖಾನೆಗಳು ರೈತನ ಜೊತೆ ಸ್ವಲ್ಪ ಮರ್ಯಾದೆಯಿಂದ ಇರುತ್ತವೆ. ಇನ್ನೊಂದು ಗೇಟು ತೆರೆದಿದೆ ಅನ್ನುವುದೇ ರೈತನ ಚೌಕಾಸಿಯ ಬಲ. ಸರ್ಕಾರಿ ಕಾರ್ಖಾನೆಯ ಲಾಭ-ನಷ್ಟ ಬರೆಯುವಾಗ ಈ ಬಲವನ್ನು ಯಾವ ಖಾನೆಯಲ್ಲಿ ಹಾಕಬೇಕು ಅಂತ ಲೆಕ್ಕಿಗರು ಯೋಚಿಸಿದಂತಿಲ್ಲ.

ಸೋದರಮಾವನ ಪಕ್ಕದ ಜಮೀನಿನವರು ಈ ವರ್ಷ ಮೂರು ಎಕರೆಯಲ್ಲಿ ನಾಟಿ ಮುಗಿಸಿದ್ದಾರೆ. ಒಂದು ಎಕರೆಯನ್ನು ಮೈಷುಗರ್‌ಗೆ ಒಪ್ಪಿಗೆ ಬರೆಸಿದ್ದಾರೆ, ಒಂದನ್ನು ದೂರದ ಖಾಸಗಿ ಕಾರ್ಖಾನೆಗೆ. ಮೂರನೆಯದನ್ನು ಯಾರಿಗೂ ಬರೆಸಿಲ್ಲ, ಆಲೆಮನೆಗೆ ಅಂತ ಇಟ್ಟುಕೊಂಡಿದ್ದಾರೆ. ಮೈಷುಗರ್‌ಗೆ ಯಾಕೆ ಒಂದೇ ಎಕರೆ ಅಂತ ಕೇಳಿದೆ. ಹೋದ ಸಲ ದುಡ್ಡು ಸರಿಯಾಗಿ ಬಂತು, ಇನ್ನೊಂದು ವರ್ಷ ನೋಡೋಣ ಅಂದರು.